ಎರಡು ನಕ್ಷೆ, ಅಷ್ಟೇ ಜನ

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಪಶ್ಚಿಮಕ್ಕೆ ವಾಷಿಂಗ್ಟನ್ ಕೌಂಟಿ ಇದೆ. 1980ರ ದಶಕದ ಕೊನೆಗೆ ಅಲ್ಲಿ ಬೈಪಾಸ್ ಹೆದ್ದಾರಿಯೊಂದರ ಮಾತು ಜೋರಾಗಿತ್ತು. ಅದರ ಒಂದು ಭಾಗ ನಗರದ ಬೆಳವಣಿಗೆಗೆ ಹಾಕಿದ್ದ ಗಡಿಯನ್ನು ದಾಟಿ ಹೊಲಗಳ ನಡುವೆ ಹಾಯಬೇಕಿತ್ತು. ರಸ್ತೆ ಆದರೆ ಸಂಚಾರ ಎಷ್ಟು, ಆಗದಿದ್ದರೆ ಎಷ್ಟು ಎಂದು ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕುವ ವಾಡಿಕೆ ಆಗಲೇ ಇತ್ತು. ಆದರೆ ಎರಡೂ ಲೆಕ್ಕದಲ್ಲಿ ಮನೆ, ಕಚೇರಿ, ಅಂಗಡಿಗಳು ಇದ್ದ ಜಾಗ ಬಿಟ್ಟು ಕದಲುತ್ತಿರಲಿಲ್ಲ. ರಸ್ತೆ ಹೋದ ಕಡೆ ಬಡಾವಣೆ ಹುಟ್ಟುತ್ತದೆ ಎಂಬ, ಎಲ್ಲರಿಗೂ ಗೊತ್ತಿದ್ದ ಸಂಗತಿ ಮಾದರಿಗೆ ಮಾತ್ರ ಗೊತ್ತಿರಲಿಲ್ಲ.

ಥೌಸಂಡ್ ಫ್ರೆಂಡ್ಸ್ ಆಫ್ ಆರೆಗಾನ್ ಎಂಬ ನಾಗರಿಕ ಸಂಸ್ಥೆ ಇದನ್ನು ಪ್ರಶ್ನಿಸಿತು. ಬರೀ ವಿರೋಧಿಸಿ ಸುಮ್ಮನಾಗದೆ ತನ್ನದೇ ಒಂದು ಸನ್ನಿವೇಶ ಸಿದ್ಧಪಡಿಸಿತು. 2010ರ ಹೊತ್ತಿಗೆ ಅಷ್ಟೇ ಜನ, ಅಷ್ಟೇ ಉದ್ಯೋಗ. ಆದರೆ ಹೊಸ ಮನೆಗಳೂ ಕಚೇರಿಗಳೂ ಲೈಟ್ ರೈಲು ನಿಲ್ದಾಣಗಳ ಸುತ್ತ, ನಡೆದು ಹೋಗುವಷ್ಟು ದೂರದಲ್ಲಿ.

ಜನಸಂಖ್ಯೆಯನ್ನು ಸಮನಾಗಿ ಇಟ್ಟದ್ದು ಇಲ್ಲಿನ ಜೀವಾಳ. ಸನ್ನಿವೇಶ ಭವಿಷ್ಯವಾಣಿಯಲ್ಲ. 2010ರಲ್ಲಿ ಜನ ಎಷ್ಟಿರುತ್ತಾರೆ ಎಂಬ ಅಂದಾಜು ತುಸು ತಪ್ಪಿದರೂ ಆ ತಪ್ಪು ಬೈಪಾಸ್‌ನ ನಕ್ಷೆ, ಸಂಸ್ಥೆಯ ನಕ್ಷೆ ಎರಡರಲ್ಲೂ ಇರುತ್ತದೆ; ಹೋಲಿಸುವಾಗ ಬಹುಮಟ್ಟಿಗೆ ವಜಾ ಆಗುತ್ತದೆ. ಒಂದೇ ವಿನ್ಯಾಸದ ಮೇಲೆ ಹೆಚ್ಚು ಪೆಟ್ಟು ಕೊಡುವ ತಪ್ಪುಗಳೇ ಅಪಾಯಕಾರಿ.

ಅಂಥದೊಂದು ತಪ್ಪು ಹಳೆಯ ಮಾದರಿಯಲ್ಲಿತ್ತು: ನಡೆಯುವವರ ಬಗ್ಗೆ ಅದಕ್ಕೆ ಅರಿವೇ ಇರಲಿಲ್ಲ. ಹಾಗಾಗಿ ನಡೆಯಲು ಅನುಕೂಲವಾದ ಊರು ಕಟ್ಟಿದರೂ ಲೆಕ್ಕದಲ್ಲಿ ಲಾಭ ಕಾಣುವಂತಿರಲಿಲ್ಲ. ಇದನ್ನು ಸರಿಪಡಿಸಲು ಸಂಸ್ಥೆಯ ಅಧ್ಯಯನ ತಂಡ ಪ್ರತಿ ವಲಯಕ್ಕೂ ಅಂಕ ಕೊಟ್ಟಿತು. ರಸ್ತೆ ದಾಟುವುದು ಸುಲಭವೇ? ಫುಟ್‌ಪಾತ್ ಮಧ್ಯೆ ಕಡಿದುಹೋಗಿದೆಯೇ? ಒಳರಸ್ತೆಗಳು ಒಂದಕ್ಕೊಂದು ಕೂಡುತ್ತವೆಯೇ, ಮುಂದೆ ದಾರಿಯಿಲ್ಲದೆ ನಿಂತುಬಿಡುತ್ತವೆಯೇ? ನೆಲ ಸಮತಟ್ಟೇ, ಏರುತಗ್ಗೇ? ಪ್ರತಿ ಪ್ರಶ್ನೆಗೆ 1ರಿಂದ 3 ಅಂಕ, ಒಟ್ಟು ಗರಿಷ್ಠ 12. ಯಾರು ಕಾರು ಇಟ್ಟುಕೊಳ್ಳುತ್ತಾರೆ, ಯಾವುದರಲ್ಲಿ ಓಡಾಡುತ್ತಾರೆ ಎಂಬ ಸಮೀಕರಣಗಳಿಗೆ ಈ ಅಂಕ ಸೇರಿತು. ಕಡಿದುಹೋದ ಫುಟ್‌ಪಾತಿಗೂ ಯೋಜನೆಯ ಲೆಕ್ಕದಲ್ಲಿ ಒಂದು ಸ್ಥಾನ ಸಿಕ್ಕಿದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

1990ರ ದಶಕದಲ್ಲಿ ಬೈಪಾಸ್ ಪ್ರಸ್ತಾವ ಬದಿಗೆ ಸರಿಯಿತು. ಪಶ್ಚಿಮದ ಲೈಟ್ ರೈಲು 1998ರಲ್ಲಿ ಓಡಲಾರಂಭಿಸಿತು.

ಆದರೂ ಈ ಅಧ್ಯಯನದ ಫಲಿತಾಂಶ ಓದುವಾಗ ಒಂದು ಎಚ್ಚರ ಬೇಕು. ಪರ್ಯಾಯ ಸನ್ನಿವೇಶದಲ್ಲಿ ಬದಲಾದದ್ದು ಬಡಾವಣೆಯ ವಿನ್ಯಾಸವಷ್ಟೇ ಅಲ್ಲ. ಒಬ್ಬರೇ ಕಾರಿನಲ್ಲಿ ಕೆಲಸಕ್ಕೆ ಬರುವವರಿಗೆ ದಿನಕ್ಕೆ 3 ಡಾಲರ್ ಪಾರ್ಕಿಂಗ್ ಶುಲ್ಕ, ಉದ್ಯೋಗಿಗಳಿಗೆ ಉಚಿತ ಸಾರಿಗೆ ಪಾಸ್ ಕೂಡ ಅದರೊಳಗಿದ್ದವು. ಲೆಕ್ಕದಲ್ಲಿ ಕಾರಿನ ಓಡಾಟ ತಗ್ಗಿತು; ಅದರಲ್ಲಿ ನಕ್ಷೆಯ ಪಾಲೆಷ್ಟು, ಶುಲ್ಕದ ಪಾಲೆಷ್ಟು? ಎರಡನ್ನೂ ಒಟ್ಟಿಗೆ ಸೇರಿಸಿದ ಲೆಕ್ಕವೊಂದರಿಂದಲೇ ಇದು ಬಿಡಿಸಿ ಗೊತ್ತಾಗುವುದಿಲ್ಲ.

ಮುಂದೆ ಬಂದ ಅರ್ಬನ್‌ಸಿಮ್‌ನಂಥ ಸಾಫ್ಟ್‌ವೇರ್‌ಗಳಲ್ಲಿ ಮನೆ ಹುಡುಕುವ ಕುಟುಂಬಗಳು, ಜಾಗ ಹುಡುಕುವ ಉದ್ಯಮಗಳು, ಕಟ್ಟಡ ಕಟ್ಟುವವರು ಎಲ್ಲರೂ ರಸ್ತೆ-ರೈಲಿಗೆ ಪ್ರತಿಕ್ರಿಯಿಸುತ್ತಾರೆ. ಬೈಪಾಸ್ ಬಂದರೆ ಬಡಾವಣೆ ಅತ್ತ ಸರಿಯುವುದು ಈಗ ಲೆಕ್ಕದೊಳಗೇ ಇದೆ. ಆದರೆ ಯಾವ ಸನ್ನಿವೇಶಗಳನ್ನು ಓಡಿಸಬೇಕು ಎಂಬುದನ್ನು ಯೋಜಕರೇ ನಿರ್ಧರಿಸಬೇಕು. ವಾಷಿಂಗ್ಟನ್ ಕೌಂಟಿಯಂಥ ಕಡೆ ಈಗಿನ ಸ್ಥಿತಿಯ ಜೊತೆಗೆ ಮೂರು ಬೇಕು: ವಿನ್ಯಾಸ ಮಾತ್ರ, ಶುಲ್ಕ ಮಾತ್ರ, ಎರಡೂ. ಮೂರನೆಯದರ ಫಲ ಮೊದಲೆರಡರ ಮೊತ್ತವನ್ನೂ ಮೀರಿದರೆ, ನಡೆಯಬಲ್ಲ ಬಡಾವಣೆಯಲ್ಲಿ ಪಾರ್ಕಿಂಗ್ ಶುಲ್ಕ ಹೆಚ್ಚು ಕೆಲಸ ಮಾಡುತ್ತದೆ ಎಂದು ಆ ಮಾದರಿ ಹೇಳಿದಂತಾಗುತ್ತದೆ.