ಹುದ್ದೆಯೊಡನೆ ನಾಯಕತ್ವ ಬಾರದು



ಚೆನ್ನಾಗಿ ನೇಯುವವನನ್ನು ಮೇಲ್ವಿಚಾರಕನನ್ನಾಗಿಯೂ ಚೆನ್ನಾಗಿ ಪಾಠ ಹೇಳುವವರನ್ನು ಮುಖ್ಯಾಧ್ಯಾಪಕರನ್ನಾಗಿಯೂ ಮಾಡುವುದು ಲೋಕರೂಢಿ. ಆದರೆ ತಾನು ಮಾಡುವುದು ಒಂದು ವಿದ್ಯೆ, ಇತರರಿಂದ ಮಾಡಿಸುವುದು ಇನ್ನೊಂದು. ಈ ಎರಡನೆಯ ವಿದ್ಯೆಯನ್ನು ಕಲಿಸಬೇಕಾಗುತ್ತದೆ.

ಇದನ್ನು ದೊಡ್ಡ ಪ್ರಮಾಣದಲ್ಲಿ ಮನಗಂಡದ್ದು ಎರಡನೆಯ ಮಹಾಯುದ್ಧಕಾಲದ ಅಮೆರಿಕ. ಅಲ್ಲಿನ ಕಾರ್ಖಾನೆಗಳಿಗೆ ಅನನುಭವಿ ಕೆಲಸಗಾರರು ಲಕ್ಷಗಟ್ಟಲೆ ಬಂದರು. ಅವರನ್ನು ನಡೆಸಬೇಕಾದ ಮೇಲ್ವಿಚಾರಕರಲ್ಲಿಯೂ ಅನೇಕರು ಹೊಸಬರೇ. 1940ರಲ್ಲಿ ಸರ್ಕಾರವು ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಸೇವೆಯನ್ನು ಆರಂಭಿಸಿತು. ಅದರ ಒಂದೊಂದು ಪಾಠಕ್ರಮವೂ ಕೇವಲ 10 ಗಂಟೆಗಳದು. ಅಲ್ಲಿ ಉಪನ್ಯಾಸಕ್ಕಿಂತ ಅಭ್ಯಾಸವೇ ಮುಖ್ಯ. ಮೇಲ್ವಿಚಾರಕನು ತನ್ನದೇ ಕೆಲಸದ ಸಮಸ್ಯೆಯನ್ನು ತಂದು ಬಿಡಿಸಬೇಕಿತ್ತು. 1945ರ ವೇಳೆಗೆ 16 ಲಕ್ಷಕ್ಕೂ ಹೆಚ್ಚು ಜನ ತರಬೇತಿ ಪಡೆದರು. ಯುದ್ಧಾನಂತರ ಈ ಪದ್ಧತಿ ಜಪಾನಿಗೆ ಹೋಗಿ ಅಲ್ಲಿನ ಉದ್ಯಮಗಳಲ್ಲಿ ಬೇರೂರಿತು.

ಕೆಲಸ ಕಲಿಸಲು ಅದು ಹೇಳಿದ ಹಂತಗಳು ನಾಲ್ಕು: ಕಲಿಯುವವನ ಭಯ ಕಳೆದು ಅವನಿಗೆಷ್ಟು ಗೊತ್ತೆಂದು ತಿಳಿಯುವುದು, ಮಾಡಿ ತೋರಿಸುತ್ತ ವಿವರಿಸುವುದು, ಅವನಿಂದಲೇ ಮಾಡಿಸಿ, ಬಾಯಿಯಿಂದ ಹೇಳಿಸುವುದು, ಬಳಿಕ ಮತ್ತೆ ಮತ್ತೆ ಹೋಗಿ ವಿಚಾರಿಸುವುದು. ಜನರೊಡನೆ ನಡೆದುಕೊಳ್ಳಲೂ ನಾಲ್ಕು ಸೂತ್ರಗಳಿದ್ದವು: ಕೆಲಸ ಹೇಗೆ ಸಾಗಿದೆಯೆಂದು ಅವರಿಗೆ ತಿಳಿಸುವುದು, ಸಲ್ಲಬೇಕಾದ ಮೆಚ್ಚುಗೆ ಸಲ್ಲಿಸುವುದು, ಬದಲಾವಣೆಯನ್ನು ಮುಂಚಿತವಾಗಿ ಹೇಳುವುದು, ಪ್ರತಿಯೊಬ್ಬರ ಸಾಮರ್ಥ್ಯವನ್ನು ಪೂರ್ಣ ಬಳಸುವುದು.

ನಾನು ಮೊದಲ ಬಾರಿ ಒಂದು ಸಮಿತಿಯ ಹೊಣೆ ಹೊತ್ತಾಗ ಕಿರಿಯ ಸಹೋದ್ಯೋಗಿಗೆ ಪಟ್ಟಿಯೊಂದನ್ನು ಸಿದ್ಧಪಡಿಸಲು ಹೇಳಿದೆ, ಹೇಗೆಂದು ತೋರಿಸಲಿಲ್ಲ. ತಪ್ಪಾದಾಗ ಎಲ್ಲರೆದುರು ಗದರಿದೆ. ಅಂದಿನಿಂದ ಅವರು ನನ್ನನ್ನು ಪ್ರಶ್ನೆ ಕೇಳುವುದನ್ನೇ ಬಿಟ್ಟರು. ತಪ್ಪುಗಳು ಮಾತ್ರ ನಿಲ್ಲಲಿಲ್ಲ. ನನಗೂ ಯಾರೂ ಕಲಿಸಿರಲಿಲ್ಲವೆಂಬುದು ನಿಜ. ಆದರೆ ಅದರ ಬೆಲೆ ತೆತ್ತವರು ಅವರು.

‘ತಿಳಿಯಿತೇ?’ ಎಂದರೆ ಎಲ್ಲರೂ ‘ಹೂಂ’ ಎನ್ನುವರು. ಕನ್ನಡ, ಮರಾಠಿ, ತೆಲುಗು ಮನೆಮಾತಿನವರು ಒಂದೇ ಮಗ್ಗದ ಶೆಡ್ಡಿನಲ್ಲಿ ದುಡಿಯುವ ನಮ್ಮ ಸೊಲ್ಲಾಪುರದಲ್ಲಂತೂ ಆ ‘ಹೂಂ’ ಅನ್ನು ನಂಬಿ ಮುಂದೆ ಸಾಗುವಂತಿಲ್ಲ. ಮಾಡಿ ತೋರಿಸಿರೆಂದು ಕೇಳಿದಾಗಲೇ ನಿಜಸ್ಥಿತಿ ತಿಳಿಯುವುದು.

ನಾಳೆ ನಿಮ್ಮಲ್ಲಿ ಕೆಲವರು ಶಾಲೆ, ಬ್ಯಾಂಕು, ಕಚೇರಿಗಳಲ್ಲಿ ಮುಖ್ಯಸ್ಥರಾಗುವಿರಿ. ಅದಕ್ಕೂ ಮೊದಲು, ಈ ವರ್ಷದ ಕನ್ನಡ ಸಂಘದ ಹೊಣೆಯನ್ನು ಕಿರಿಯರಿಗೆ ಒಪ್ಪಿಸುವವರಿದ್ದೀರಿ. ದಫ್ತರವನ್ನು ಕೈಗಿತ್ತು ಹೊರಟುಬಿಡಬೇಡಿ. ಮೊದಲ ಸಭೆಯನ್ನು ಅವರೇ ನಡೆಸಲಿ. ನೀವು ಹಿಂದಿನ ಬೆಂಚಿನಲ್ಲಿ ಕುಳಿತಿರಿ. ತಿಂಗಳಿಗೊಮ್ಮೆ ‘ಎಲ್ಲಿ ತೊಡಕಾಗಿದೆ?’ ಎಂದು ಕೇಳಿ.