ಧ್ವನಿಮುದ್ರಣ, ವಕ್ತೃ ಮತ್ತು ಹಕ್ಕು: ಸಕಲೇಶಪುರ–ಆಲೂರು ಸೀಮೆಯನ್ನು ಮುಂದಿಟ್ಟುಕೊಂಡು

ಭಾರತೀಯ ಸಂಗೀತೋದ್ಯಮವನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಚಲನಚಿತ್ರ ಗೀತೆಗಳ ಸುತ್ತಲೇ ಸುತ್ತುತ್ತವೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನ ಮುದ್ರಣಗೊಂಡ ಕಾಲದಿಂದ ಹಲವು ದಶಕಗಳವರೆಗೆ ಮುದ್ರಿತ ಧ್ವನಿಯ ಮಾರುಕಟ್ಟೆ ಕೆಲವೇ ಕಂಪನಿಗಳ ಕೈಯಲ್ಲಿತ್ತು. ಎಪ್ಪತ್ತರ ದಶಕದ ಕೊನೆಗೆ ಬಂದ ಕ್ಯಾಸೆಟ್ ಈ ಯಾಜಮಾನ್ಯವನ್ನು ಸಡಿಲಗೊಳಿಸಿತು. ಕನ್ನಡದ ಮೊದಲ ಭಾವಗೀತೆಯ ಧ್ವನಿಸುರುಳಿಯೆಂದು ಹೆಸರಾದ, ಮೈಸೂರು ಅನಂತಸ್ವಾಮಿಯವರ ಸಂಯೋಜನೆಯ 'ನಿತ್ಯೋತ್ಸವ' 1978ರಲ್ಲಿ ಬಂದಿತು. ಅದರ ಬೆನ್ನಿಗೇ ಜನಪದ ಗೀತೆಗಳ ಕ್ಯಾಸೆಟ್ಟುಗಳೂ ಅಂಗಡಿಗಳಿಗೆ ಬಂದವು. ಭಾವಗೀತೆಯ ಹೊದಿಕೆಯ ಮೇಲೆ ಕವಿಯ ಹೆಸರಿರುತ್ತಿತ್ತು. ಜನಪದ ಗೀತೆಯ ಹೊದಿಕೆಯ ಮೇಲೆ ಆ ಜಾಗದಲ್ಲಿ 'ಜನಪದ' ಎಂಬ ಒಂದು ಪದವಿದ್ದರೆ ಸಾಕಾಗಿತ್ತು. ಪ್ರಸ್ತುತ ಲೇಖನದ ಆಸಕ್ತಿ ಈ ಪದದ ಹಿಂದೆ ಮರೆಯಾದವರ ಬಗೆಗೆ.

ಸಕಲೇಶಪುರದ ಎಸ್.ಕೆ. ಕರೀಂಖಾನ್ (ನಿಧನ 2006) ಇಲ್ಲಿ ನೆನಪಾಗುತ್ತಾರೆ. ಊರೂರು ಅಲೆದು ಜನಪದ ಗೀತೆಗಳನ್ನು ಸಂಗ್ರಹಿಸಿದ ಅವರು 'ಸ್ವರ್ಣಗೌರಿ'ಯಂಥ (1962) ಚಿತ್ರಗಳಿಗೆ ಗೀತರಚನೆಯನ್ನೂ ಮಾಡಿದವರು. ಚಿತ್ರಗೀತೆಯ ಕರ್ತೃವಾಗಿ ಅವರ ಹೆಸರು ದಾಖಲೆಯಲ್ಲಿ ಉಳಿಯಿತು. ಸಂಗ್ರಾಹಕರಿಗೆ ಹಾಡಿಕೊಟ್ಟ ಹೆಣ್ಣುಮಕ್ಕಳಿಗೆ ಉದ್ಯಮದಲ್ಲಿ ಅಂಥ ಸ್ಥಾನವಿರಲಿಲ್ಲ. 2012ರ ಕೃತಿಸ್ವಾಮ್ಯ ತಿದ್ದುಪಡಿ ಗೀತರಚನಕಾರರಿಗೂ ಸಂಯೋಜಕರಿಗೂ ರಾಯಧನದ ಸಮಪಾಲನ್ನು ಖಚಿತಪಡಿಸಿದಾಗಲೂ, ಕರ್ತೃವೇ ಇಲ್ಲದ ಹಾಡಿಗೆ ಅದು ಅನ್ವಯಿಸಲಿಲ್ಲ.

ಇನ್ನು ಜೀವಂತ ಗಾಯನದ ಸ್ಥಿತಿ. ಈ ಸೀಮೆಯ ಗುಡ್ಡಗಳ ನಡುವಿನ ಗದ್ದೆಗಳಲ್ಲಿ ನಾಟಿಯ ಪದಗಳಿಗೆ ಮಳೆಗಾಲವೇ ವೇದಿಕೆಯಾಗಿತ್ತು. ಕೂಲಿಯ ಅಭಾವ, ಕಾಫಿಯ ಆಕರ್ಷಣೆ, ಇವೆರಡಕ್ಕೂ ಮಿಗಿಲಾಗಿ ಕಾಡಾನೆಗಳ ಹಾವಳಿಯಿಂದ ಅನೇಕ ಗದ್ದೆಗಳು ಬೀಳುಬಿದ್ದಿವೆ. (ಕರ್ನಾಟಕ ಆನೆ ಕಾರ್ಯಪಡೆ 2012ರ ತನ್ನ ವರದಿಯಲ್ಲಿ ಈ ಭಾಗದಿಂದ ಆನೆಗಳನ್ನು ತೆರವುಗೊಳಿಸಲು ಸೂಚಿಸಿತ್ತು; ಜಾನಪದದ ವಿದ್ಯಾರ್ಥಿ ಅರಣ್ಯದ ವರದಿಗಳನ್ನೂ ಓದಬೇಕಾದ ಕಾಲವಿದು.) ನಾಟಿ ನಿಂತ ಗದ್ದೆಯಲ್ಲಿ ನಾಟಿಪದಕ್ಕೆ ಸಂದರ್ಭವೇ ಇಲ್ಲ. ಸುಗ್ಗಿಯ ಕುಣಿತಕ್ಕೆ ಗ್ರಾಮದೇವತೆಯ ಆಶ್ರಯವಿರುವುದರಿಂದ ಅದು ಉಳಿದಿದೆ. ಗಣೇಶೋತ್ಸವ, ರಾಜ್ಯೋತ್ಸವಗಳ ರಸಮಂಜರಿ ವೇದಿಕೆಗಳಲ್ಲಿ ಸಂಭಾವನೆ ಸಲ್ಲುವುದು ಚಿತ್ರಗೀತೆಗಳ ಗಾಯಕರಿಗೆ. ಹಾಸನ ಆಕಾಶವಾಣಿಯಂಥ ಕೇಂದ್ರ ಮಾತ್ರ ಧ್ವನಿಪರೀಕ್ಷೆಯಲ್ಲಿ ಆಯ್ಕೆಯಾದ ಜನಪದ ಕಲಾವಿದರಿಗೆ ಹೆಸರು ಹೇಳಿ ಸಂಭಾವನೆ ಕೊಡುವ ಪದ್ಧತಿಯನ್ನು ಪಾಲಿಸಿಕೊಂಡು ಬಂದಿದೆ.

ಹೀಗಿರುವಾಗ ಉದ್ಯಮವನ್ನಷ್ಟೇ ದೂರಿದರೆ ಚರ್ಚೆ ಅಪೂರ್ಣವಾಗುತ್ತದೆ. ಕಾನೂನಿನ ದೃಷ್ಟಿಯಲ್ಲಿ ಧ್ವನಿಮುದ್ರಣದ ಕರ್ತೃ ಅದರ ನಿರ್ಮಾಪಕನೇ ಹೊರತು ಹಾಡಿದವರಲ್ಲ. ಅಂದರೆ, ಕ್ಷೇತ್ರಕಾರ್ಯದಲ್ಲಿ ತಾನೇ ಮುಂದಾಗಿ ಮುದ್ರಿಸಿಕೊಂಡ ಸಂಶೋಧಕನ ಸ್ಥಾನವೂ ಕ್ಯಾಸೆಟ್ ಕಂಪನಿಯ ಸ್ಥಾನವೂ ತಾತ್ತ್ವಿಕವಾಗಿ ಒಂದೇ! ಹಾಡಿದವರಿಗೆ ಪ್ರತ್ಯೇಕವಾದ 'ಪ್ರದರ್ಶಕರ ಹಕ್ಕು' 1994ರ ತಿದ್ದುಪಡಿಯಿಂದ ಬಂದಿದೆ. 1999ರಲ್ಲಿ ಅದರ ಅವಧಿ 50 ವರ್ಷಗಳಿಗೆ ವಿಸ್ತರಿಸಿತು. ಗೀತೆಗೆ ಕರ್ತೃವಿಲ್ಲದಿದ್ದರೂ ಗಾಯನಕ್ಕೆ ಹಕ್ಕುದಾರರಿದ್ದಾರೆ ಎಂಬ ಈ ಭೇದ ನಮ್ಮ ಜಾನಪದ ಅಧ್ಯಯನಗಳಲ್ಲಿ ಸಾಕಷ್ಟು ಚರ್ಚೆಯಾಗಿಲ್ಲವೆಂದೇ ನನ್ನ ಭಾವನೆ. ಬೋಧನೆ, ಸಂಶೋಧನೆಗಳ ಸದುದ್ದೇಶಕ್ಕಾಗಿಯೇ ಮಾಡಿದ ಮುದ್ರಣಕ್ಕೆ ಕಾಯಿದೆಯ 39ನೆಯ ಪ್ರಕರಣ ವಿನಾಯಿತಿ ನೀಡುತ್ತದೆ. ಆದರೆ ಅದೇ ಮುದ್ರಣವನ್ನು ಮಾರಾಟದ ಸಿ.ಡಿ. ಮಾಡಿದಾಗ ಅಥವಾ ಜಾಹೀರಾತಿನ ಆದಾಯ ಬರುವ ಯೂಟ್ಯೂಬಿಗೆ ಏರಿಸಿದಾಗ ಈ ವಿನಾಯಿತಿಯ ಆಸರೆ ಉಳಿಯುವುದಿಲ್ಲ.

ಮುದ್ರಿತ ಸಂಕಲನಗಳ ಅನುಬಂಧದಲ್ಲಿ ವಕ್ತೃಗಳ ಪಟ್ಟಿ ಕೊಡುವ ಶಿಸ್ತು ನಮ್ಮಲ್ಲಿ ಬೇರೂರಿದೆ. ಧ್ವನಿಸಂಗ್ರಹಕ್ಕೂ ಇದು ಬೇಕು. ಹೆಸರು, ಊರುಗಳ ಜೊತೆಗೆ ಸಂಶೋಧನೆಗೆ ಕೊಟ್ಟ ಒಪ್ಪಿಗೆಯನ್ನೂ ವಾಣಿಜ್ಯ ಬಳಕೆಗೆ ಕೊಟ್ಟ ಒಪ್ಪಿಗೆಯನ್ನೂ ಬೇರೆಬೇರೆಯಾಗಿ, ಹಾಡಿದವರಿಗೆ ಓದಿ ಹೇಳಿ ಬರೆದುಕೊಳ್ಳಬೇಕು. ವಿಭಾಗಗಳಲ್ಲಿರುವ ಹಳೆಯ ಕ್ಯಾಸೆಟ್ಟುಗಳನ್ನು ಡಿಜಿಟಲ್ ರೂಪಕ್ಕೆ ತರುವಾಗ, ಹಾಡಿದವರು ಅಥವಾ ಅವರ ಮಕ್ಕಳು ಊರಲ್ಲಿರುವಾಗಲೇ ಈ ಕೆಲಸ ಆಗಬೇಕಾಗಿದೆ.