ಮೂರು ದೀಪಾವಳಿಗಳ ನಾಯಕ

ಎಂ. ಕೆ. ತ್ಯಾಗರಾಜ ಭಾಗವತರ ಹೆಸರು ಚೆನ್ನೈಯಲ್ಲಿ ನೆಲಸಿರುವ ನಮ್ಮ ವಾಚಕರಿಗೆ ಹೊಸದೇನಲ್ಲ. ಮುಂಬಯಿ, ದೆಹಲಿಗಳ ವಾಚಕರಿಗಾಗಿ ಮಾತ್ರ ಈ ಕಥೆಯನ್ನು ಮೊದಲಿನಿಂದ ಹೇಳಬೇಕಾಗಿದೆ.

ಅಕ್ಕಸಾಲಿಗರ ಮನೆತನದಲ್ಲಿ 1910ರಲ್ಲಿ ಹುಟ್ಟಿದ ಭಾಗವತರು ನಾಟಕರಂಗದಿಂದ ಚಿತ್ರರಂಗಕ್ಕೆ ಬಂದವರು. 1934ರ ‘ಪವಳಕ್ಕೊಡಿ’ ಅವರ ಮೊದಲ ಚಿತ್ರ. 1937ರ ‘ಚಿಂತಾಮಣಿ’ಯ ವೇಳೆಗೆ ತಮಿಳುನಾಡೆಲ್ಲ ಅವರ ಕಂಠಕ್ಕೆ ಮಾರುಹೋಗಿತ್ತು. ಕಂಠವಷ್ಟೇ ಏಕೆ, ಭುಜದವರೆಗೆ ಇಳಿಬಿಟ್ಟ ಅವರ ಕೂದಲಿನ ಮಾದರಿಗೂ ‘ಭಾಗವತರ್ ಕ್ರಾಪು’ ಎಂಬ ಹೆಸರೇ ನಿಂತಿತು!

1944ರ ದೀಪಾವಳಿಗೆ ‘ಹರಿದಾಸ್’ ತೆರೆಕಂಡಿತು. ನಿರ್ದೇಶಕರು ನಮ್ಮ ಮಂಗಳೂರಿನವರಾದ ಸುಂದರರಾವ್ ನಾಡಕರ್ಣಿಯವರು. ಮದರಾಸಿನ ಬ್ರಾಡ್‌ವೇ ಚಿತ್ರಮಂದಿರದಲ್ಲಿ ಅದು ಒಂದಲ್ಲ, ಎರಡಲ್ಲ, ಮೂರು ದೀಪಾವಳಿಗಳನ್ನು ಕಂಡಿತು. ಆದರೆ ಆ ಜನಸಂದಣಿಯನ್ನು ಕಣ್ಣಾರೆ ಕಾಣುವ ಭಾಗ್ಯ ನಾಯಕನಿಗಿರಲಿಲ್ಲ. ತಾರೆಯರ ಮೇಲೆ ಕೆಸರೆರಚುತ್ತಿದ್ದ ಲಕ್ಷ್ಮೀಕಾಂತನ್ ಎಂಬ ಪತ್ರಕರ್ತನ ಕೊಲೆ ಅದೇ ನವೆಂಬರಿನಲ್ಲಿ ನಡೆದು, ಡಿಸೆಂಬರಿನಲ್ಲಿ ಭಾಗವತರು ಬಂಧಿತರಾದರು. ಹಾಸ್ಯನಟ ಎನ್. ಎಸ್. ಕೃಷ್ಣನ್ ಮತ್ತು ಕೊಯಮತ್ತೂರಿನ ಶ್ರೀರಾಮುಲು ನಾಯ್ಡು ಅವರೂ ಸಿಕ್ಕಿಬಿದ್ದರು. ನಾಯ್ಡು ಅವರು ಬಿಡುಗಡೆ ಹೊಂದಿದರು; ಉಳಿದಿಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು. ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಗಿ, ಮರಳಿ ಮದರಾಸಿನ ಹೈಕೋರ್ಟಿಗೆ ಬಂದು, 1947ರ ಏಪ್ರಿಲಿನಲ್ಲಿ ಇಬ್ಬರೂ ನಿರ್ದೋಷಿಗಳೆಂದು ತೀರ್ಪಾಯಿತು.

ಅಲ್ಲಿಂದ ಮುಂದಿನದೇ ನಮ್ಮನ್ನು ಯೋಚನೆಗೆ ಹಚ್ಚುವ ಸಂಗತಿ. ಕೃಷ್ಣನ್ ಅವರು 1949ರ ‘ನಲ್ಲತಂಬಿ’, 1951ರ ‘ಮಣಮಗಳ್’ ಚಿತ್ರಗಳಿಂದ ಮತ್ತೆ ಮೇಲೆದ್ದರು. ನಾಯ್ಡು ಅವರು ಮುಂದೆ ಬೆಂಗಳೂರಿಗೇ ಬಂದು ಚಾಮುಂಡೇಶ್ವರಿ ಸ್ಟುಡಿಯೋ ಕಟ್ಟಿದರು. ಭಾಗವತರು ಮಾತ್ರ ಏಳಲಿಲ್ಲ. ಸೆರೆಮನೆಯ ಕಳಂಕವೇ ಕಾರಣವೆಂದು ಹೇಳುವವರುಂಟು. ನಮಗೆ ಹಾಗೆ ತೋರುವುದಿಲ್ಲ; ಹಾಗಿದ್ದರೆ ಕೃಷ್ಣನ್ ಹೇಗೆ ಗೆದ್ದಾರು? ಬದಲಾದುದು ಚಿತ್ರರಂಗವೇ. ನಟನೇ ಹಾಡಬೇಕು ಎಂಬ ಕಾಲ ಸರಿದುಹೋಗಿತ್ತು. ವಿಚಿತ್ರವೆಂದರೆ, ಭಾಗವತರು ತಾವೇ ನಿರ್ಮಿಸಿ, ಪುಣೆಯಲ್ಲಿ ಚಿತ್ರೀಕರಿಸಿದ ‘ರಾಜಮುಕ್ತಿ’ಯಲ್ಲೇ (1948) ಎಂ. ಎಲ್. ವಸಂತಕುಮಾರಿಯವರು ನಾಯಕಿಗಾಗಿ ಹಾಡಿ ಹಿನ್ನೆಲೆ ಗಾಯಕಿಯಾದರು. ಮುಂದೆ ಪುರಂದರದಾಸರ ದೇವರನಾಮಗಳನ್ನು ಮನೆಮನೆಗೆ ಮುಟ್ಟಿಸಿದ ಅದೇ ವಸಂತಕುಮಾರಿಯವರು! ಇತ್ತ ಜನ ಹಾಡಿಗಿಂತ ಮಾತಿಗೆ ಕಿವಿಗೊಡತೊಡಗಿದ್ದರು. 1952ರಲ್ಲಿ ‘ಪರಾಶಕ್ತಿ’ಯ ಸಂಭಾಷಣೆ ಊರೂರಿನ ಬಾಯಿಪಾಠವಾದಾಗ, ಅದೇ ವರ್ಷದ ಭಾಗವತರ ‘ಅಮರಕವಿ’ಯನ್ನು ಕೇಳುವವರಿರಲಿಲ್ಲ.

ಸೆರೆಮನೆಗೆ ಮುನ್ನ ಒಂಬತ್ತು ಚಿತ್ರಗಳು, ಅನಂತರ ಐದು. ಆರೋಗ್ಯ ಕೆಟ್ಟು, 1959ರ ನವೆಂಬರ್ 1ರಂದು ಭಾಗವತರು ತಮ್ಮ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಡೆಯ ಚಿತ್ರ ‘ಶಿವಗಾಮಿ’ ಮರುವರ್ಷ ಬಿಡುಗಡೆಯಾಯಿತು.